ಆರ್ಡರ್ ಇಳಿಯುತ್ತೆ, ದೂರು ಏರಲ್ಲ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯಿಂದ ಬೆಂಗಳೂರಿಗೆ ಬಂದು ನೆಲೆಯಾಗೋರಲ್ಲಿ ಎರಡು ಥರದ ಜನ ಇದ್ದಾರೆ. ಬಿಇ ಮಾಡಿ ಕಂಪ್ಯೂಟರ್ ಮುಂದೆ ಕೂರೋರು, ಎಸ್ಸೆಸ್ಸೆಲ್ಸಿ ಪಾಸೋ ಫೇಲೋ ಆಗಿ ಹೊಲಿಗೆ ಮಿಷನ್ ಮುಂದೆ ಕೂರೋರು. ಮೊದಲನೆಯವರು ವೈಟ್‌ಫೀಲ್ಡು, ಮಾನ್ಯತಾ ಟೆಕ್ ಪಾರ್ಕು ಅಂತ ಹೋಗ್ತಾರೆ. ಎರಡನೆಯವರು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಎರಡನೆಯ ಗುಂಪು ದೊಡ್ಡದಾಗುತ್ತೆ, ಅದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ತಮಾಷೆ ಅಂದ್ರೆ, ಈ ಎರಡೂ ಗುಂಪಿನ ಕೆಲಸ ಕೊನೆಗೆ ಹೋಗಿ ಮುಟ್ಟೋದು ಒಂದೇ ಥರದ ಬಾಗಿಲಿಗೆ. ಬ್ರಿಟನ್ನಿನ ಟೆಸ್ಕೋ 2004ರಲ್ಲಿ, ಅಮೆರಿಕದ ಟಾರ್ಗೆಟ್ 2005ರಲ್ಲಿ ಬೆಂಗಳೂರಲ್ಲಿ ತಮ್ಮ ಕಚೇರಿ ತೆರೆದವು. ವಾಲ್‌ಮಾರ್ಟಿನ ಟೆಕ್ ಕಚೇರಿಯೂ ಇಲ್ಲಿದೆ. ಇಂಥ ದೊಡ್ಡ ಅಂಗಡಿ ಕಂಪನಿಗಳ ಸ್ಟಾಕು, ಬಿಲ್ಲಿಂಗು, ಡೆಲಿವರಿ ನೋಡಿಕೊಳ್ಳೋ ಕೋಡು ಈ ಊರಿನ ಒಂದು ತುದಿಯಲ್ಲಿ ಬರೆಯಲಾಗುತ್ತೆ. ವಿದೇಶದ ಅಂಗಡಿಗಳ ಹ್ಯಾಂಗರಿಗೆ ಹೋಗೋ ಶರ್ಟು, ಪ್ಯಾಂಟು ಇನ್ನೊಂದು ತುದಿಯಲ್ಲಿ ಹೊಲಿಯಲಾಗುತ್ತೆ.

ಆದರೆ ನಮಗೆ ಕ್ಲೈಂಟ್ ಹೆಸರು ಗೊತ್ತು. ವಾರಕ್ಕೆ ಎರಡು ಸಲ ಅವರ ಜೊತೆ ಕಾಲ್ ಇರುತ್ತೆ. ಏನಾದ್ರೂ ಕೆಟ್ಟರೆ ಟಿಕೆಟ್ ಹಾಕ್ತೀವಿ, ಅದು ಮೇಲಕ್ಕೆ ಹೋಗುತ್ತೆ, ಯಾರೋ ಒಬ್ಬರು ಉತ್ತರ ಕೊಡಲೇಬೇಕು. ಹೊಲಿಯೋರಿಗೆ ಆ ದಾರಿ ಇರಲಿಲ್ಲ. ಮೇಲಿಂದ ಆರ್ಡರ್ ಇಳಿಯುತ್ತಿತ್ತು, ಕೆಳಗಿಂದ ದೂರು ಏರುತ್ತಿರಲಿಲ್ಲ. ಏರೋ ದಾರಿಯನ್ನ ಯಾವ ಬ್ರ್ಯಾಂಡೂ ಕಟ್ಟಿಕೊಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಕೆಲವು ಸಣ್ಣ ಯೂನಿಯನ್‌ಗಳು, ಕೆಲವು ನಾಗರಿಕ ಸಂಘಟನೆಗಳು ಸೇರಿ ಕಟ್ಟಿದವು. ಆ ದಾರಿಯ ಕಥೆ ನಮ್ಮೂರಿನ ಚರಿತ್ರೆಯೂ ಹೌದು ಅನ್ನಿಸಿ ಇದನ್ನ ಬರೀತಿದ್ದೀನಿ.

ಸಾಹುಕಾರ ಮತ್ತು ಬಿನ್ನಿ ಗೇಟು

ಕೆಲಸ ಮಾಡೋನು ಒಬ್ಬ, ಲಾಭ ತಗೊಳ್ಳೋನು ಇನ್ನೊಬ್ಬ, ನಡುವೆ ನಾಲ್ಕು ಕೈ. ಇದು ಮೊಳಕಾಲ್ಮೂರಿಗೆ ಹೊಸದಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಹೆಚ್ಚಾಗಿ ನಡೆಯೋದೇ ಹೀಗೆ: ನೂಲು, ಜರಿ ಸಾಹುಕಾರಂದು, ಮಗ್ಗದ ಮುಂದೆ ಕೂರೋದು ನೇಕಾರ, ಸೀರೆಗೆ ಇಷ್ಟು ಅಂತ ಕೂಲಿ. ಕಷ್ಟಕ್ಕೆ ಮುಂಗಡ ತಗೊಂಡ್ರೆ ಅದು ತೀರೋತನಕ ಬೇರೆ ಕಡೆ ನೇಯೋ ಹಾಗಿಲ್ಲ. ಬೆಂಗಳೂರಿನ ಅಂಗಡೀಲಿ ಅದೇ ಸೀರೆ ಎಷ್ಟಕ್ಕೆ ಮಾರ್ತು ಅಂತ ನೇಕಾರನಿಗೆ ತಿಳಿಯೋದು ಅಪರೂಪ. ಇಷ್ಟಾದ್ರೂ ಒಂದು ಅನುಕೂಲ ಇದೆ: ಸಾಹುಕಾರನ ಮನೆ ಯಾವ ಬೀದೀಲಿದೆ ಅಂತ ಎಲ್ಲರಿಗೂ ಗೊತ್ತು. ಜಗಳ ಆದ್ರೆ ಹೋಗಿ ಅವನ ಕಟ್ಟೆ ಮೇಲೆ ಕೂರಬಹುದು.

ಬೆಂಗಳೂರಿನ ಹಳೇ ಗಿರಣಿಗಳಲ್ಲೂ ಹಾಗೇ. 1884ರಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈಗೆ ಹೋದ ಗಿರಣಿಯನ್ನ ತಗೊಳ್ಳಿ. ಬಟ್ಟೆ ಮೇಲೆ ಇದ್ದ ಹೆಸರೂ ಬಿನ್ನಿ, ಗೇಟಿನ ಮೇಲೆ ಇದ್ದ ಹೆಸರೂ ಬಿನ್ನಿ. ಕೂಲಿ ಕಮ್ಮಿ ಆಯ್ತು ಅಂತ ಅನ್ನಿಸಿದ್ರೆ ಕಾರ್ಮಿಕರು ಆ ಗೇಟಿನ ಮುಂದೆ ನಿಲ್ಲುತ್ತಿದ್ದರು. ಗೆಲ್ಲೋದು ಸೋಲೋದು ಬೇರೆ ಮಾತು. ಯಾರ ಹತ್ತಿರ ಕೇಳಬೇಕು ಅನ್ನೋದರಲ್ಲಿ ಗೊಂದಲ ಇರಲಿಲ್ಲ. ನಮ್ಮ ಕಾರ್ಮಿಕ ಕಾನೂನುಗಳೂ ಈ ಚಿತ್ರವನ್ನೇ ಮನಸ್ಸಲ್ಲಿ ಇಟ್ಟುಕೊಂಡು ಬಂದವು. 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ ಮತ್ತು ಕನಿಷ್ಠ ವೇತನ ಕಾಯ್ದೆ, ಎಲ್ಲದರಲ್ಲೂ ಒಂದು ಕಡೆ ಮಾಲೀಕ, ಇನ್ನೊಂದು ಕಡೆ ಕಾರ್ಮಿಕ.

ಗಾರ್ಮೆಂಟ್ಸ್ ಬಂದಮೇಲೆ ಈ ಚಿತ್ರ ಹಿಗ್ಗಿತು. 1974ರಿಂದ 2004ರ ಕೊನೆಯವರೆಗೆ ಜಗತ್ತಿನ ಬಟ್ಟೆ ವ್ಯಾಪಾರ ಮಲ್ಟಿ ಫೈಬರ್ ಒಪ್ಪಂದ ಮತ್ತು ಅದರ ಮುಂದುವರಿಕೆಯ ಕೋಟಾಗಳಲ್ಲಿ ನಡೀತಿತ್ತು. ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಅಂತ ಲೆಕ್ಕ ಇತ್ತು. ಆ ಕೋಟಾದ ನೆರಳಲ್ಲೇ ಬೆಂಗಳೂರಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ರಫ್ತು ಕಾರ್ಖಾನೆಗಳು ಬೆಳೆದವು. 2005ರಲ್ಲಿ ಕೋಟಾ ಹೋಯ್ತು. ಅಲ್ಲಿಂದ ಬ್ರ್ಯಾಂಡು ಯಾವ ದೇಶದಿಂದ ಎಷ್ಟು ಬೇಕಾದ್ರೂ ತರಿಸಬಹುದು. ಬಾಂಗ್ಲಾದೇಶದಲ್ಲಿ ಪೀಸಿಗೆ ಹತ್ತು ಸೆಂಟು ಕಡಿಮೆ ಆದ್ರೆ ಆರ್ಡರ್ ಅಲ್ಲಿಗೆ. ರೇಟು ಇಳೀತು, ಗಡುವು ಬಿಗಿಯಾಯ್ತು. ಆ ಒತ್ತಡ ಫ್ಯಾಕ್ಟರಿಯ ಫ್ಲೋರಿಗೆ ಬಂದಾಗ ಅದರ ಹೆಸರು 'ಟಾರ್ಗೆಟ್': ಗಂಟೆಗೆ ಇಷ್ಟು ಪೀಸ್.

ನಮ್ಮೂರಿನ ಅಕ್ಕ ಒಬ್ಬರು ಹನ್ನೆರಡು ವರ್ಷ ಹೊಲಿದವರು. ಯಾರ ಬಟ್ಟೆ ಹೊಲಿತೀಯಕ್ಕ ಅಂದ್ರೆ, "ಯಾರ್ದೋ ಫಾರಿನ್‌ದು ಕಣಪ್ಪ. ಶರ್ಟ್ ಪೂರ್ತಿ ಎಂಗೈತೆ ಅಂತ ನಾನ್ ನೋಡಿದ್ದೇ ಕಮ್ಮಿ. ನಂದು ಕಾಲರ್ ಅಷ್ಟೇ" ಅಂದರು. ಲೈನ್ ಸಿಸ್ಟಂ ಅಂದ್ರೆ ಇದೇ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ಬಟನ್. ಲೇಬಲ್ ಹಾಕೋರು ಲೈನಿನ ಇನ್ನೆಲ್ಲೋ ಕೂತಿರ್ತಾರೆ.

ಗೋಡೆ ಮೇಲಿನ ನೀತಿ

ತೊಂಬತ್ತರ ದಶಕದಲ್ಲಿ ಇಂಡೋನೇಷ್ಯಾ, ವಿಯೆಟ್ನಾಂ ಶೂ ಫ್ಯಾಕ್ಟರಿಗಳ ಸುದ್ದಿ ಅಮೆರಿಕದಲ್ಲಿ ಗಲಾಟೆ ಎಬ್ಬಿಸಿದಾಗ ಬ್ರ್ಯಾಂಡುಗಳು ಒಂದು ಉಪಾಯ ಮಾಡಿದವು: ಕೋಡ್ ಆಫ್ ಕಂಡಕ್ಟ್. ಬಾಲಕಾರ್ಮಿಕರು ಬೇಡ, ಬಲವಂತದ ಓಟಿ ಬೇಡ, ಬೈಯಬೇಡಿ, ಕನಿಷ್ಠ ವೇತನ ಕೊಡಿ, ಸಂಘ ಕಟ್ಟೋದಕ್ಕೆ ಅಡ್ಡಿ ಮಾಡಬೇಡಿ. ಫ್ರೇಮ್ ಹಾಕಿ ಫ್ಯಾಕ್ಟರಿ ಗೋಡೆಗೆ ತೂಗುಹಾಕಿದ್ದಾಯ್ತು.

ಗೋಡೆ ಮೇಲೆ ನೀತಿ ಬರೆಸೋದು ನಮ್ಮ ತಾಲ್ಲೂಕಿಗೆ ತೀರಾ ಹಳೇ ಪರಿಚಯ. ದೇವಸಮುದ್ರ ಇರೋ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ. ಮೂರೂ ಕಡೆ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನ ಬೆಳಕಿಗೆ ತಂದರು. ಆ ಶಾಸನದ ಶುರುವಾತು ಮಜವಾಗಿದೆ. ರಾಜನ ಮಾತು ನೇರ ಜನಕ್ಕೆ ಬರಲ್ಲ. ಸುವರ್ಣಗಿರಿಯಲ್ಲಿರೋ ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ, ಆಮೇಲೆ ಆಜ್ಞೆ ತಿಳಿಸ್ತಾರೆ. ತಂದೆತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇಡಿ, ಸತ್ಯ ಹೇಳಿ. ಒಳ್ಳೇ ಮಾತೇ. ಆದರೆ ಆ ಬಂಡೆ ಮೇಲೆ ಇಳಿಯೋ ದಾರಿ ಮಾತ್ರ ಕೆತ್ತಿದೆ. ಇಸಿಲದ ಅಧಿಕಾರಿಯೇ ದಯೆ ತೋರಿಸದಿದ್ರೆ ಊರಿನವನು ಸುವರ್ಣಗಿರಿಗೆ ಹೇಗೆ ತಿಳಿಸಬೇಕು? ಅದರಲ್ಲಿಲ್ಲ.

ಬ್ರ್ಯಾಂಡಿನ ಕೋಡ್‌ನಲ್ಲೂ ಇಲ್ಲದ್ದು ಅದೇ. ಅದರ ಬದಲು ಆಡಿಟ್ ಬಂತು. ಆಡಿಟರ್ ಬರ್ತಾರೆ, ಒಂದೆರಡು ದಿನ ರಿಜಿಸ್ಟರ್ ನೋಡ್ತಾರೆ, ಕೆಲವರನ್ನ ಮಾತಾಡಿಸ್ತಾರೆ, ಹೋಗ್ತಾರೆ. ಬರೋ ದಿನ ಮೊದಲೇ ಗೊತ್ತಿದ್ರೆ ಏನಾಗುತ್ತೆ ಅಂತ ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದನ್ನ ನೋಡಿದ ಯಾರಿಗೂ ವಿವರಿಸಬೇಕಾಗಿಲ್ಲ. ಆಡಿಟ್ ಎಷ್ಟು ಪೊಳ್ಳಾಗಬಹುದು ಅನ್ನೋದಕ್ಕೆ ಜಗತ್ತೇ ಕಂಡ ಉದಾಹರಣೆ ಕರಾಚಿಯದು. 2012ರ ಆಗಸ್ಟ್‌ನಲ್ಲಿ ಅಲಿ ಎಂಟರ್‌ಪ್ರೈಸಸ್ ಅನ್ನೋ ಫ್ಯಾಕ್ಟರಿಗೆ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ತು. ಸೆಪ್ಟೆಂಬರ್ 11ಕ್ಕೆ ಅಲ್ಲಿ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು.

ಇಂಥದ್ದಾದಾಗ ಬ್ರ್ಯಾಂಡುಗಳು ಹೇಳೋ ಮಾತನ್ನ ಕನ್ನಡದಲ್ಲಿ ಒಂದು ಗಾದೇಲಿ ಹೇಳಬಹುದು: ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಾವು ನಿಯಮ ಕೊಟ್ಟಿದ್ವಿ, ಫ್ಯಾಕ್ಟರಿಯವನು ಪಾಲಿಸಲಿಲ್ಲ. ಆದರೆ ಇಲ್ಲಿ ಪೂಜಾರಿಯ ತಟ್ಟೆಗೆ ಎಷ್ಟು ಕಾಸು ಬೀಳಬೇಕು ಅಂತ ನಿಗದಿ ಮಾಡೋದೂ ಆ ದೇವರೇ. ಒಂದು ಕೈಯಲ್ಲಿ ಕೋಡ್ ಆಫ್ ಕಂಡಕ್ಟ್, ಇನ್ನೊಂದು ಕೈಯಲ್ಲಿ ಕಳೆದ ವರ್ಷಕ್ಕಿಂತ ಕಡಿಮೆ ರೇಟಿನ ಪರ್ಚೇಸ್ ಆರ್ಡರ್.

ಮಾತಾಡಬೇಡಿ ಅಂದ ಕೋರ್ಟು

2000ನೇ ಇಸವಿಯಲ್ಲಿ ಬೆಂಗಳೂರಲ್ಲಿ ಸಿವಿಡೆಪ್ ಅನ್ನೋ ಸಂಸ್ಥೆ ಶುರುವಾಯ್ತು. ಕಂಪನಿಗಳ ಹೊಣೆಗಾರಿಕೆ ಮತ್ತು ಕಾರ್ಮಿಕರ ಹಕ್ಕು ಅದರ ವಿಷಯ. ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನ ಫ್ಯಾಕ್ಟರಿ ಹತ್ತಿರ ಮಾತಾಡಿಸೋಕೆ ಆಗುತ್ತಿರಲಿಲ್ಲ, ಹಾಗಾಗಿ ಅವರು ಬಾಡಿಗೆಗಿರೋ ಬೀದಿಗಳಿಗೇ ಹೋಗಬೇಕಾಯ್ತು. ಅದರಿಂದ ಹುಟ್ಟಿದ್ದು 'ಮುನ್ನಡೆ' ಅನ್ನೋ ಮಹಿಳೆಯರ ಸಂಘಟನೆ. ಆಮೇಲೆ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಅಂದ್ರೆ ಗಾಟ್ವು ಬಂತು. ಈ ಕ್ಷೇತ್ರದಲ್ಲಿ ಯೂನಿಯನ್ ಅನ್ನೋ ಪದ ಹೇಳಿದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇದ್ದಾಗ ಮೊದಲು ಸ್ವಸಹಾಯ ಸಂಘದ ಥರ ಕೂತು ಮಾತಾಡಿ, ಆಮೇಲೆ ಯೂನಿಯನ್ ಆದರು ಅನ್ನೋದು ಗಮನಿಸಬೇಕಾದ ಹೆಜ್ಜೆ.

ಈ ಹೊಸ ಜನಕ್ಕೆ ಮೊದಲ ದೊಡ್ಡ ಪರೀಕ್ಷೆ ಬಂದಿದ್ದು ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಅನ್ನೋ ಬೆಂಗಳೂರಿನ ಜೀನ್ಸ್ ಕಂಪನಿ ಮತ್ತು ಅದರ ಅಂಗಸಂಸ್ಥೆಯ ವಿಷಯದಲ್ಲಿ. ನೆದರ್‌ಲ್ಯಾಂಡ್ಸಿನ ಜಿ-ಸ್ಟಾರ್ ಅದರ ದೊಡ್ಡ ಗಿರಾಕಿ. ಬೈಗುಳ, ಹೊಡೆತ, ದುಡ್ಡಿಲ್ಲದ ಓಟಿ ಇದೆ ಅಂತ ಕಾರ್ಮಿಕರು ಹೇಳಿದ್ದನ್ನ ಸ್ಥಳೀಯ ಸಂಘಟನೆಗಳು ದಾಖಲಿಸಿದವು. ಕಂಪನಿ ಆರೋಪಗಳನ್ನ ಒಪ್ಪಲಿಲ್ಲ. ಸಂಘಟನೆಗಳು ಯುರೋಪಿನ ಕ್ಲೀನ್ ಕ್ಲೋತ್ಸ್ ಕ್ಯಾಂಪೇನಿಗೆ ವಿಷಯ ಮುಟ್ಟಿಸಿದವು. ಅವರು ಬ್ರ್ಯಾಂಡುಗಳಿಗೆ ಪತ್ರ ಬರೆದರು.

2006ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಕೋರ್ಟೊಂದು ತಡೆಯಾಜ್ಞೆ ಕೊಟ್ಟಿತು. ಈ ಕಂಪನಿಯ ಕೆಲಸದ ಪರಿಸ್ಥಿತಿಯ ಬಗ್ಗೆ ಗಾಟ್ವು, ಮುನ್ನಡೆ, ಸಿವಿಡೆಪ್ ಮತ್ತಿತರ ಸಂಘಟನೆಗಳು ಹೊರಗೆ ಮಾಹಿತಿ ಹಂಚಬಾರದು ಅಂತ. ಒಂದು ಕ್ಷಣ ನಿಂತು ಯೋಚಿಸಿ. ಸಂಬಳದ ಮೇಲೂ ಅಲ್ಲ, ಓಟಿ ಮೇಲೂ ಅಲ್ಲ, ಜಗಳ ಬಂದು ನಿಂತಿದ್ದು ಮಾತಿನ ಮೇಲೆ. ಯಾಕಂದ್ರೆ ಬಾಕಿ ಎಲ್ಲದಕ್ಕೂ ಬೀಗದ ಕೈ ಅದೇ. ಫ್ಯಾಕ್ಟರಿ ಒಳಗಿನ ಮಾತು ಆಮ್‌ಸ್ಟರ್‌ಡ್ಯಾಮ್ ಮುಟ್ಟದಿದ್ರೆ ಆಮ್‌ಸ್ಟರ್‌ಡ್ಯಾಮಿಗೆ ಏನೂ ಗೊತ್ತೇ ಇರಲಿಲ್ಲ ಅಂತ ಹೇಳೋಕೆ ಸಲೀಸು.

ಇಲ್ಲಿನವರ ಬಾಯಿ ಕಟ್ಟಿದ ಮೇಲೆ ಅಲ್ಲಿನವರು ಮಾತಾಡಿದರು. 2006ರಲ್ಲೇ ಒಇಸಿಡಿ ಮಾರ್ಗಸೂಚಿಯ ಅಡಿಯಲ್ಲಿ ಡಚ್ ಸರ್ಕಾರದ ಸಂಪರ್ಕ ಕೇಂದ್ರಕ್ಕೆ ಜಿ-ಸ್ಟಾರ್ ವಿರುದ್ಧ ದೂರು ಹೋಯ್ತು. 2007ರಲ್ಲಿ ಬೆಂಗಳೂರಿನ ಕೋರ್ಟು ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್ ಮತ್ತು ಇಂಡಿಯಾ ಕಮಿಟಿ ಆಫ್ ದಿ ನೆದರ್‌ಲ್ಯಾಂಡ್ಸ್‌ನ ಸಿಬ್ಬಂದಿಗೇ ಸಮನ್ಸ್ ಕಳಿಸಿತು. ಮಾನನಷ್ಟ, ಸೈಬರ್ ಅಪರಾಧ, ಜೊತೆಗೆ ಜನಾಂಗ ದ್ವೇಷ ಕೂಡ ಅಂತ ಆರೋಪ. ಅವರಿಗೆ ಇಂಟರ್ನೆಟ್ ಸೇವೆ ಕೊಟ್ಟ ಕಂಪನಿಯವರನ್ನೂ ಬಿಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಜಿ-ಸ್ಟಾರ್ ಈ ಕಂಪನಿಗೆ ಆರ್ಡರ್ ನಿಲ್ಲಿಸ್ತೀವಿ ಅಂತ ಹೇಳಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆರ್ಡರ್ ನಿಂತರೆ ಯಾರಿಗೆ ನಷ್ಟ? ಮೊದಲು ಕಾರ್ಮಿಕರಿಗೇ. ದೂರು ಕೊಟ್ಟವರ ಕೈಗೇ ಕೆಲಸ ಇಲ್ಲ. ಬ್ರ್ಯಾಂಡು ಕೈ ತೊಳಕೊಂಡು ಪಕ್ಕದ ದೇಶಕ್ಕೆ ಹೋಗುತ್ತೆ. ಹಾಗಾಗಿ ಈ ಸಂಘಟನೆಗಳು ಕೇಳಿದ್ದು 'ಬಿಟ್ಟು ಹೋಗಿ' ಅಂತಲ್ಲ, 'ಇದ್ದು ಸರಿ ಮಾಡಿಸಿ' ಅಂತ. ಕೊನೆಗೆ ನೆದರ್‌ಲ್ಯಾಂಡ್ಸಿನ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಮಧ್ಯಸ್ಥಿಕೆ ವಹಿಸಿ 2008ರ ಜನವರಿಯಲ್ಲಿ ಒಪ್ಪಂದ ಆಯ್ತು. ಕಂಪನಿ ಕೇಸು ವಾಪಸ್ ತಗೊಳ್ಳೋದು, ಸಂಘಟನೆಗಳು ಪ್ರಚಾರ ನಿಲ್ಲಿಸೋದು, ಜಿ-ಸ್ಟಾರ್ ವ್ಯವಹಾರ ಮುಂದುವರಿಸೋದು, ದೂರು ಕೇಳೋಕೆ ಒಬ್ಬ ಸ್ವತಂತ್ರ ಓಂಬುಡ್ಸ್‌ಮನ್ ಇರೋದು. ಪೀಣ್ಯದ ಬೀದಿಯಲ್ಲಿ ಶುರುವಾದ ಒಂದು ದೂರು ಒಬ್ಬ ಮಾಜಿ ಪ್ರಧಾನಿಯ ಮೇಜಿನ ತನಕ ಏರಬೇಕಾಯ್ತು. ದಾರಿ ಇದೆ ಅಂತ ಗೊತ್ತಾಯ್ತು. ಎಷ್ಟು ಕಡಿದು ಅಂತಾನೂ ಗೊತ್ತಾಯ್ತು.

ಅವಶೇಷದಲ್ಲಿ ಲೇಬಲ್ ಹುಡುಕಿದವರು

2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ವ್ಯಾಪಾರ ಮತ್ತು ಮಾನವ ಹಕ್ಕಿನ ಮಾರ್ಗದರ್ಶಿ ತತ್ವಗಳನ್ನ ಒಪ್ಪಿತು. ಇವನ್ನ ರೂಪಿಸಿದ್ದು ಜಾನ್ ರಗ್ಗಿ. ಸಾರಾಂಶ ಮೂರು ಮಾತು: ಹಕ್ಕು ಕಾಯೋದು ಸರ್ಕಾರದ ಕರ್ತವ್ಯ, ಹಕ್ಕನ್ನ ಗೌರವಿಸೋದು ಕಂಪನಿಯ ಹೊಣೆ, ಅನ್ಯಾಯ ಆದವರಿಗೆ ಪರಿಹಾರದ ದಾರಿ ಇರಬೇಕು. ಕಂಪನಿಯ ಹೊಣೆ ಅದರ ಗೇಟಿಗೆ ಮುಗಿಯಲ್ಲ, ಅದು ಯಾರಿಂದ ಮಾಲು ತಗೊಳ್ಳುತ್ತೋ ಅಲ್ಲಿಯವರೆಗೂ ಹೋಗುತ್ತೆ ಅನ್ನೋದು ಮೊದಲ ಸಲ ಜಗತ್ತಿನ ಮಟ್ಟದಲ್ಲಿ ಬರಹಕ್ಕೆ ಬಂತು. ಆದರೆ ಇದು ಕಾನೂನಲ್ಲ, ತತ್ವ.

ಎರಡೇ ವರ್ಷಕ್ಕೆ, 2013ರ ಏಪ್ರಿಲ್ 24ರಂದು, ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರ ಬಟ್ಟೆ ಹೊಲೀತಿದ್ದರು ಅಂತ ಕೇಳಿದಾಗ ಹಲವು ಬ್ರ್ಯಾಂಡುಗಳು ಬಾಯಿ ಬಿಡಲಿಲ್ಲ. ಕಾರ್ಯಕರ್ತರು ಅವಶೇಷದ ನಡುವೆ ಓಡಾಡಿ ಲೇಬಲ್ಲು, ಆರ್ಡರ್ ಕಾಗದ ಹೆಕ್ಕಿ ಫೋಟೋ ತೆಗೆದು ಸಾಬೀತು ಮಾಡಬೇಕಾಯ್ತು. ಆಮೇಲೆ ಬಂದ ಬಾಂಗ್ಲಾದೇಶದ ಅಕಾರ್ಡ್ ಒಂದು ಹೊಸ ಬಗೆಯದು. ಬ್ರ್ಯಾಂಡುಗಳು ಯೂನಿಯನ್‌ಗಳ ಜೊತೆ ಸಹಿ ಹಾಕಿದ, ಕಾನೂನಿನ ಬಲ ಇರೋ ಒಪ್ಪಂದ. ಮುಂದೆ 2023ರಲ್ಲಿ ಅದು ಪಾಕಿಸ್ತಾನಕ್ಕೂ ಹೋಯ್ತು.

ಒಂದು ಸಣ್ಣ ವಿಷಯ ನಮ್ಮಂಥ ಡೇಟಾ ಜನಕ್ಕೆ ಬೇಗ ಅರ್ಥ ಆಗುತ್ತೆ. ನೈಕಿ 2005ರಲ್ಲಿ, ಎಚ್ ಅಂಡ್ ಎಂ 2013ರಲ್ಲಿ ತಾವು ಯಾವ ಯಾವ ಫ್ಯಾಕ್ಟರಿಯಿಂದ ಮಾಲು ತಗೊಳ್ತೀವಿ ಅನ್ನೋ ಪಟ್ಟಿ ಬಹಿರಂಗ ಮಾಡಿದವು. ಅದಕ್ಕೆ ಮೊದಲು ಇದು 'ವ್ಯಾಪಾರದ ಗುಟ್ಟು'. ಪಟ್ಟಿ ಅಂದ್ರೆ ಏನು ಮಹಾ, ಎರಡು ಕಾಲಂ: ಹೆಸರು, ವಿಳಾಸ. ಆದರೆ ಯೂನಿಯನ್ ಕಚೇರೀಲಿ ಕೂತವರಿಗೆ ಆ ಎರಡು ಕಾಲಂ ಅಂದ್ರೆ ಮೇಲಕ್ಕೆ ಹೋಗೋ ನಕ್ಷೆ.

ನಕ್ಷೆ ಇದ್ರೆ ಏನಾಗುತ್ತೆ, ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರಿನ ಎರಡು ಘಟನೆ ನೋಡಿ. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಪೀಣ್ಯ ಎಲ್ಲ ಕಡೆ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗೆ ಬಂದರು. ಕೇಂದ್ರ ಸರ್ಕಾರ ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ನಿಯಮ ಮಾಡಿತ್ತು. ಮಗಳ ಮದುವೆ, ಊರಿನ ಮನೆ, ಸಾಲ ಎಲ್ಲ ನಿಂತಿರೋದೇ ಆ ದುಡ್ಡಿನ ಮೇಲೆ. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. ಲಾಠಿ ಏಟೂ ಬಿತ್ತು, ಬಸ್ಸಿಗೆ ಬೆಂಕಿಯೂ ಬಿತ್ತು. 19ರ ಸಂಜೆ ಹೊತ್ತಿಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಎರಡೇ ದಿನ. ಸರ್ಕಾರಕ್ಕೆ ವಿಳಾಸ ಇತ್ತು, ರಸ್ತೆ ಕಟ್ಟಿದ್ರೆ ಅದಕ್ಕೆ ಕೇಳಿಸುತ್ತಿತ್ತು. ಸ್ಟಾಕ್‌ಹೋಮಿಗೋ ನ್ಯೂಯಾರ್ಕಿಗೋ ಹೊಸೂರು ರಸ್ತೆಯ ಗಲಾಟೆ ಕೇಳಿಸಲ್ಲ.

ಎರಡನೆಯದು 2018ರ ಏಪ್ರಿಲ್, ಶಾಹಿ ಎಕ್ಸ್‌ಪೋರ್ಟ್ಸ್‌ನ ಯೂನಿಟ್ 8. ಸಂಬಳ ಹೆಚ್ಚಿಸಿ, ಕುಡಿಯೋ ನೀರು ಸರಿ ಮಾಡಿ ಅಂತ ಅರ್ಜಿ ಕೊಟ್ಟ ಕಾರ್ಮಿಕರ ಮೇಲೆ ಹಲ್ಲೆ ಆಯ್ತು, ಜಾತಿ ಹಿಡಿದು ನಿಂದಿಸಿದ್ರು, 15 ಜನರನ್ನ ಹೊರಗೆ ಹಾಕಿದ್ರು ಅಂತ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ತನಿಖೆ ಮಾಡಿ ಜೂನ್‌ನಲ್ಲಿ ವರದಿ ಕೊಟ್ಟಿತು. ಅಮೆರಿಕದ ವಿದ್ಯಾರ್ಥಿಗಳ ಹೋರಾಟದಿಂದ 2000ದಲ್ಲಿ ಹುಟ್ಟಿದ ಸಂಸ್ಥೆ ಇದು. ತಮ್ಮ ಕಾಲೇಜಿನ ಲಾಂಛನ ಇರೋ ಬಟ್ಟೆ ಯಾವ ಸ್ಥಿತಿಯಲ್ಲಿ ಹೊಲಿದದ್ದು ಅಂತ ಕೇಳಿದ ವಿದ್ಯಾರ್ಥಿಗಳಿಂದ ಅದಕ್ಕೆ ಬಲ. ಬ್ರ್ಯಾಂಡುಗಳ ಒತ್ತಡ ಬಂದಮೇಲೆ ಕಂಪನಿ ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದು 15 ಜನರನ್ನೂ ವಾಪಸ್ ಕೆಲಸಕ್ಕೆ ತಗೊಂಡಿತು. 2008ಕ್ಕೆ ಎರಡು ವರ್ಷ ಹಿಡಿದದ್ದು ಈಗ ಕೆಲವು ತಿಂಗಳಿಗೆ ಇಳಿದಿತ್ತು.

ಶ್ರೀರಂಗಪಟ್ಟಣದ ಗೇಟು, ದಿನಕ್ಕೆ ಹದಿನಾರು ರೂಪಾಯಿ

2020ರ ಕೊರೊನಾ ಈ ದಾರಿಯ ಗಟ್ಟಿತನ ಪರೀಕ್ಷೆ ಮಾಡಿತು. ಆ ವರ್ಷ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿ-2ರಲ್ಲಿ 1,200ಕ್ಕೂ ಹೆಚ್ಚು ಜನಕ್ಕೆ ಕೆಲಸ ಇಲ್ಲ ಅಂದ್ರು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಫ್ಯಾಕ್ಟರಿ ಅದು, ಎಚ್ ಅಂಡ್ ಎಂಗೆ ಹೊಲಿಯುತ್ತಿತ್ತು. ಆರ್ಡರ್ ಇಲ್ಲ ಅನ್ನೋದು ಕಂಪನಿಯ ಮಾತು. ಯೂನಿಯನ್ ಗಟ್ಟಿಯಾಗಿರೋ ಫ್ಯಾಕ್ಟರಿಯನ್ನೇ ಆರಿಸಿ ಮುಚ್ಚಿದ್ರು ಅನ್ನೋದು ಕಾರ್ಮಿಕರ ಮಾತು. 100 ಜನಕ್ಕಿಂತ ದೊಡ್ಡ ಕಾರ್ಖಾನೆ ಲೇಆಫ್ ಮಾಡಬೇಕಾದ್ರೆ ಸರ್ಕಾರದ ಅನುಮತಿ ಬೇಕು ಅಂತ ಆಗ ಕಾನೂನು ಇತ್ತು, ಆ ಅನುಮತಿ ಎಲ್ಲಿ ಅಂತ ಗಾಟ್ವು ಕೇಳಿತು. ಮಾಸ್ಕ್ ಹಾಕ್ಕೊಂಡು ಹೆಣ್ಣುಮಕ್ಕಳು ಸುಮಾರು ಐವತ್ತು ದಿನ ಗೇಟು ಬಿಟ್ಟು ಕದಲಲಿಲ್ಲ.

ಅವರ ಬೆನ್ನಿಗೆ ಇನ್ನೊಂದು ಕಾಗದ ಇತ್ತು. 2015ರಲ್ಲಿ ಎಚ್ ಅಂಡ್ ಎಂ ಜಾಗತಿಕ ಯೂನಿಯನ್ ಒಕ್ಕೂಟ ಇಂಡಸ್ಟ್ರಿಆಲ್ ಜೊತೆ ಒಪ್ಪಂದ ಮಾಡಿಕೊಂಡಿತ್ತು: ನಮಗೆ ಹೊಲಿಯೋ ಫ್ಯಾಕ್ಟರಿಗಳಲ್ಲಿ ಸಂಘ ಕಟ್ಟೋ ಹಕ್ಕಿಗೆ ಗೌರವ ಇರುತ್ತೆ ಅಂತ. ಗೇಟಿನ ಮುಂದಿನ ಧರಣಿ, ಮೇಲಿನ ಆ ಒಪ್ಪಂದ ಎರಡೂ ಸೇರಿ ಕಂಪನಿಯನ್ನ ಮಾತುಕತೆಗೆ ತಂದವು. ಫ್ಯಾಕ್ಟರಿ ಉಳೀಲಿಲ್ಲ. ಆದರೆ ಯೂನಿಯನ್ ಜೊತೆ ಕೂತು ಪರಿಹಾರ, ಮತ್ತೆ ಕೆಲಸಕ್ಕೆ ಕರೆಯೋ ಬಗ್ಗೆ ಸಹಿ ಹಾಕಿದ ಒಪ್ಪಂದ ಆಯ್ತು. ಪೂರ್ತಿ ಗೆಲುವು ಅಂತ ಯಾರೂ ಹೇಳಲ್ಲ. ಇಂಥ ಎಷ್ಟೋ ಫ್ಯಾಕ್ಟರಿ ಒಂದು ರಾತ್ರೀಲಿ ಬೀಗ ಹಾಕಿ ಹೋಗಿವೆ, ಅವುಗಳ ಹೆಸರೂ ಯಾರಿಗೂ ನೆನಪಿಲ್ಲ.

ಇದಕ್ಕಿಂತ ದೊಡ್ಡದು ತುಟ್ಟಿಭತ್ಯೆಯ ಕಥೆ. ಬೆಲೆ ಏರಿದ ಹಾಗೆ ಕನಿಷ್ಠ ವೇತನಕ್ಕೆ ಪ್ರತಿ ಏಪ್ರಿಲ್‌ನಲ್ಲಿ ಒಂದಿಷ್ಟು ತುಟ್ಟಿಭತ್ಯೆ ಸೇರಬೇಕು. 2020ರ ಏಪ್ರಿಲ್‌ಗೆ ಸೇರಬೇಕಾದ್ದು ತಿಂಗಳಿಗೆ 417 ರೂಪಾಯಿ. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ದಿನಕ್ಕೆ ಹದಿನಾರು ರೂಪಾಯಿ. ನಾವು ಆಫೀಸ್ ಹತ್ತಿರ ಕುಡಿಯೋ ಒಂದು ಟೀ. ರಾಜ್ಯ ಸರ್ಕಾರ ಅದನ್ನ ಒಂದು ವರ್ಷ ಮುಂದೂಡಿತು. ಯೂನಿಯನ್‌ಗಳು ಹೈಕೋರ್ಟಿಗೆ ಹೋದವು. 2020ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಬಾಕಿ ಸಮೇತ ಕೊಡಬೇಕು ಅಂತ ಹೇಳಿತು. ಕಾರ್ಖಾನೆಗಳು ಕೊಡಲಿಲ್ಲ. ಒಂದಲ್ಲ ಎರಡಲ್ಲ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ದುಡ್ಡು. ಒಬ್ಬೊಬ್ಬರಿಗೆ ವರ್ಷಕ್ಕೆ ಐದು ಸಾವಿರ. ನಿಮಗೆ ಐದು ಸಾವಿರ ಅಂದ್ರೆ ಒಂದು ಜೊತೆ ಶೂ. ಮೊಳಕಾಲ್ಮೂರಿನ ಕಡೆಯ ಮನೆಗೆ ಅದು ಒಂದು ಮಗುವಿನ ಹಾಸ್ಟೆಲ್ ಖರ್ಚು, ಶೇಂಗಾ ಬಿತ್ತನೆ ಬೀಜ.

ಯೋಚಿಸಿ: ಕಾನೂನು ಇತ್ತು, ಹೈಕೋರ್ಟಿನ ಆದೇಶ ಇತ್ತು. ಎರಡೂ ಇದ್ದು ದುಡ್ಡು ಬರಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಮತ್ತು ಇಲ್ಲಿನ ಯೂನಿಯನ್‌ಗಳು ಬ್ರ್ಯಾಂಡುಗಳ ಹೆಸರು ಹಿಡಿದು ಕೇಳೋಕೆ ಶುರು ಮಾಡಿದವು. ನಿಮ್ಮ ಕೋಡ್‌ನಲ್ಲಿ 'ಸ್ಥಳೀಯ ಕಾನೂನಿನ ಕನಿಷ್ಠ ವೇತನ' ಅಂತ ಬರೆದಿದ್ದೀರಿ, ಬೆಂಗಳೂರಲ್ಲಿ ಅದು ಸಿಗುತ್ತಿಲ್ಲ, ಏನಂತೀರಿ? 2021ರ ಡಿಸೆಂಬರ್‌ನಲ್ಲಿ ವಿಷಯ ವಿದೇಶಿ ಪತ್ರಿಕೆಗೆ ಬಂತು. ಆಗ ಶಾಹಿ ಬಾಕಿ ಕೊಡ್ತೀನಿ ಅಂತ ಒಪ್ಪಿತು, ಬೇರೆ ದೊಡ್ಡ ಕಂಪನಿಗಳೂ 2022ರಲ್ಲಿ ಒಂದೊಂದಾಗಿ ಒಪ್ಪಿದವು. ಗೋಡೆಯಲ್ಲಿ ಧೂಳು ಹಿಡಿದು ಕೂತಿದ್ದ ಫ್ರೇಮನ್ನ ಇಳಿಸಿ, ಬರೆದವರ ಮುಂದೆಯೇ ಹಿಡಿದಿದ್ರು ಅಷ್ಟೇ.

ಮುಂದಿನ ಫ್ಯಾಕ್ಟರಿ ಎಲ್ಲಿ?

ಇಷ್ಟು ಓದಿದ ಮೇಲೆ 'ಹಾಗಾದ್ರೆ ವ್ಯವಸ್ಥೆ ಸರಿಯಾಯ್ತಲ್ಲ' ಅನ್ನಿಸಬಹುದು. ಇಲ್ಲ. ಮೇಲೆ ಹೇಳಿದ ಪ್ರತಿಯೊಂದೂ ಯಾರೋ ಒಂದಿಷ್ಟು ಜನ ಕೆಲಸ ಕಳಕೊಳ್ಳೋ ಧೈರ್ಯ ಮಾಡಿ, ಒಂದೊಂದು ಫ್ಯಾಕ್ಟರಿಗೆ ಒಂದೊಂದು ಸಲ ಅಂತ ಗಿಟ್ಟಿಸಿದ್ದು. ಯೂನಿಯನ್ ಸದಸ್ಯರು ಇವತ್ತಿಗೂ ಒಟ್ಟು ಕಾರ್ಮಿಕರಲ್ಲಿ ಬೆರಳೆಣಿಕೆ.

ಕಾನೂನು? ಫ್ರಾನ್ಸ್ 2017ರಲ್ಲಿ, ಜರ್ಮನಿ 2023ರಿಂದ ತಮ್ಮ ದೊಡ್ಡ ಕಂಪನಿಗಳು ಸಪ್ಲೈ ಚೈನಿನಲ್ಲಿ ಹಕ್ಕು ಉಲ್ಲಂಘನೆ ತಡೆಯಬೇಕು ಅಂತ ಕಾನೂನು ತಂದವು. ಯುರೋಪಿಯನ್ ಒಕ್ಕೂಟ 2024ರಲ್ಲಿ ಎಲ್ಲ ಸದಸ್ಯ ದೇಶಕ್ಕೂ ಅಂಥದ್ದೊಂದು ನಿರ್ದೇಶನ ಮಾಡಿ, 2025ರಲ್ಲಿ ವ್ಯಾಪಾರಕ್ಕೆ ಹೊರೆ ಅಂತ ಅದರ ಜಾರಿ ಮುಂದೂಡಿತು. ನಮ್ಮಲ್ಲಿ 2019ರ ಜವಾಬ್ದಾರಿಯುತ ವ್ಯವಹಾರದ ರಾಷ್ಟ್ರೀಯ ಮಾರ್ಗಸೂಚಿಯ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕು. ಸೆಬಿ ನಿಯಮದಂತೆ ಷೇರುಪೇಟೆಯ ಮೊದಲ 1,000 ಕಂಪನಿಗಳು ಅದರ ಬಗ್ಗೆ ವರ್ಷಕ್ಕೊಂದು ವರದಿ ಕೊಡಬೇಕು. ವರದಿ ಕೊಡೋದು ಕಡ್ಡಾಯ, ಸರಿ ಮಾಡೋದು ಅಲ್ಲ.

ಇದರ ನಡುವೆ ಫ್ಯಾಕ್ಟರಿಗಳು ಜಾಗ ಬದಲಿಸ್ತಿವೆ. ರಾಜ್ಯ ಸರ್ಕಾರದ ಜವಳಿ ನೀತಿಗಳು ಬೆಂಗಳೂರಿನ ಹೊರಗೆ ಹೂಡಿಕೆ ಮಾಡೋರಿಗೆ ಹೆಚ್ಚು ಸಬ್ಸಿಡಿ ಕೊಡ್ತವೆ. ಕನಿಷ್ಠ ವೇತನವೂ ವಲಯದ ಲೆಕ್ಕ, ಬೆಂಗಳೂರಿಗಿಂತ ತಾಲ್ಲೂಕಿನಲ್ಲಿ ಕಮ್ಮಿ. ಮದ್ದೂರು, ಹಾಸನ, ತುಮಕೂರು, ಶಿವಮೊಗ್ಗ ಅಂತ ಹಬ್ಬಿದೆ. ಹೆಣ್ಣುಮಕ್ಕಳು ಊರಲ್ಲೇ ಇದ್ದು ದುಡೀಬಹುದು, ಬೆಂಗಳೂರಿನ ಬಾಡಿಗೆ ಕಟ್ಟಬೇಕಾಗಿಲ್ಲ. ಒಳ್ಳೇದೇ. ಆದರೆ ಅಲ್ಲಿ ಯೂನಿಯನ್‌ಗಳ, ಸಂಘಟನೆಗಳ ಕೈ ಬೆಂಗಳೂರಿನಷ್ಟು ಗಟ್ಟಿ ಇಲ್ಲ. ಆರ್ಡರ್ ಇಳಿಯೋ ದಾರಿ ಬೆಂಗಳೂರಿನಿಂದ ನೂರಿನ್ನೂರು ಕಿಲೋಮೀಟರ್ ಉದ್ದವಾಯ್ತು. ದೂರು ಏರೋ ದಾರಿ ಅಷ್ಟು ದೂರ ಇನ್ನೂ ಹೋಗಿಲ್ಲ.

ನಾಳೆ ಚಳ್ಳಕೆರೆಗೋ ಮೊಳಕಾಲ್ಮೂರಿಗೋ ಒಂದು ಗಾರ್ಮೆಂಟ್ಸ್ ಬಂದ್ರೆ ಊರಿನವರೆಲ್ಲ ಕೇಳೋ ಮೊದಲ ಪ್ರಶ್ನೆ ಎಷ್ಟು ಜನಕ್ಕೆ ಕೆಲಸ ಸಿಗುತ್ತೆ ಅಂತ. ಕೇಳಬೇಕಾದ್ದೇ. ಹಬ್ಬಕ್ಕೆ ಊರಿಗೆ ಹೋದಾಗ ನೀವು ಎರಡನೆಯದನ್ನೂ ಕೇಳಿ: ಯಾರ ಆರ್ಡರ್ ಅಂತ. ಉತ್ತರ ಸಿಕ್ಕರೆ ಬರೆದಿಟ್ಟು, ಅಲ್ಲಿ ಹೊಲಿಯೋ ಅಕ್ಕ ತಂಗಿಯರ ಕೈಗೆ ಕೊಡಿ. ಎರಡು ಕಾಲಂ ಸಾಕು.